ಓದದೆ ಮರ್ಜ್ ಮಾಡಿದ 11 ಪ್ಯಾಚ್

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ, ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಎರಡು ವರ್ಷದಲ್ಲಿ ಇದೇ ಸಂಕಟ ಹೊತ್ತು ನನ್ನ ಹತ್ತಿರ ಬಂದವರಲ್ಲಿ ಇವರು ಮೂರನೆಯವರು, ಹಾಗಾಗಿ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಹಗಲು ಕಂಪನಿ ಕೆಲಸ, ರಾತ್ರಿ ತಾವೇ ಶುರುಮಾಡಿದ ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡ್. ಅದಕ್ಕೆ ನೇರವಾಗಿ ಕೋಡ್ ಸೇರಿಸುವ (ಮರ್ಜ್ ಮಾಡುವ) ಹಕ್ಕು ಇರುವ ಕಮಿಟರ್‌ಗಳು ಮೂವರು, ಅದರಲ್ಲಿ ಇಬ್ಬರು ಈಗ ಅಪರೂಪಕ್ಕೆ ತಲೆ ಹಾಕುತ್ತಾರೆ. ನಿದ್ದೆ ಬರ್ತಿಲ್ಲ ಅಂತ ಬಂದಿದ್ದರು. ಎರಡನೇ ಸಲ ಕೂತಾಗ ಒಬ್ಬ ಹುಡುಗಿಯ ವಿಷಯ ಹೊರಬಂತು. ನೀವು ಅಂದುಕೊಂಡ ಥರದ್ದಲ್ಲ. ಆಕೆ ಬೇರೆ ದೇಶದಲ್ಲಿದ್ದಾಳೆ, ಮುಖ ನೋಡಿಲ್ಲ, 14 ತಿಂಗಳಿಂದ ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಕಳಿಸುತ್ತಿದ್ದಾಳೆ. ಉಳಿದಿಬ್ಬರು "ಕಮಿಟರ್ ಮಾಡಿಬಿಡಪ್ಪ" ಅನ್ನುತ್ತಾರೆ. ಇವರಿಗೆ ಕೈ ಬರುತ್ತಿಲ್ಲ.

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ಇಟ್ಟದ್ದು ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಪ್ಯಾಚ್ ಕಳಿಸಿ, ನಂಬಿಕೆ ಗಳಿಸಿ, ಸಹ ಮೇಂಟೇನರ್ (ಸಾಫ್ಟ್‌ವೇರ್ ನೋಡಿಕೊಳ್ಳುವವರಲ್ಲಿ ಒಬ್ಬರು) ಆದ ಹೆಸರು. ಆ ಹೆಸರಿನ ಹಿಂದೆ ಯಾರಿದ್ದರು ಅಂತ ಲೋಕಕ್ಕೆ ತಿಳಿಯಲೇ ಇಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದನ್ನು ಗಮನಿಸಿದ್ದಕ್ಕೆ ಅದು ಬಯಲಾಯಿತು. "ಇವಳೂ ಹಾಗೇ ಆದ್ರೆ ಮೇಡಂ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಆ ಪ್ರಕರಣ ಓದಿಕೊಂಡೆ.

ಮೂರನೇ ಸಲ ಬಂದಾಗ ಒಂದೇ ಪ್ರಶ್ನೆ ಕೇಳಿದೆ. ಆಕೆ ಕಳಿಸಿದ್ದನ್ನು ನೀವು ಹೇಗೆ ಪರೀಕ್ಷೆ ಮಾಡ್ತೀರಿ?

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಳೆದ ತಿಂಗಳು ಅವಳ 11 ಪ್ಯಾಚ್ ಮರ್ಜ್ ಮಾಡಿದೆ. ಒಂದನ್ನೂ ಸರಿಯಾಗಿ ಓದಿಲ್ಲ. ಅವಳದ್ದಲ್ವಾ, ಸರಿ ಇರುತ್ತೆ ಅಂತ" ಅಂದರು.

ಬೀಗದ ಕೈ ಆಗಲೇ ಆಕೆಯ ಹತ್ತಿರ ಇದೆಯಲ್ಲಾ ಅಂದೆ. ನೀವು ಬಾಗಿಲಲ್ಲಿ ನಿಂತು ಸಲಾಮು ಹೊಡೆಯುತ್ತಿದ್ದೀರಿ, ಅಷ್ಟೇ.

ಮಾತು ಒರಟಾಯಿತು, ಒಪ್ಪುತ್ತೇನೆ. ಆದರೆ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಯೆಲ್ಲ ಸೊಸೆಯ ಕೈಲಿ ಮಾಡಿಸುವ ಅತ್ತೆಯರನ್ನು ಇದೇ ಕುರ್ಚಿಯಲ್ಲಿ ಎಷ್ಟೋ ನೋಡಿದ್ದೇನೆ. ಇವರದ್ದು ಅದಕ್ಕಿಂತ ಅಪಾಯ. ಇವರು ಓದುತ್ತಾರೆ ಅಂತ ಆಕೆ ನಂಬಿದ್ದಾಳೆ, ಆಕೆ ನೋಡಿರುತ್ತಾಳೆ ಅಂತ ಇವರು ನಂಬಿದ್ದಾರೆ, ಕೊನೆಗೆ ನೋಡಿದವರು ಯಾರೂ ಇಲ್ಲ.

ಅಲ್ಲಿಂದ ಮಾತು ಬೇರೆ ಕಡೆ ಹೊರಳಿತು. ಆಕೆ ಎಂದಾದರೂ ಹಕ್ಕು ಕೇಳಿದ್ದಳಾ? ಒಮ್ಮೆಯೂ ಇಲ್ಲ. ಎಕ್ಸ್‌ಝಡ್‌ನಲ್ಲಿ ಹಾಗಿರಲಿಲ್ಲ, 2022ರಲ್ಲೇ ಬೇರೆ ಬೇರೆ ಹೆಸರುಗಳಿಂದ "ಇನ್ನೊಬ್ಬರಿಗೆ ಜವಾಬ್ದಾರಿ ಕೊಡು" ಅಂತ ಒತ್ತಡ ಬಂದಿತ್ತು, ಅದೂ ಸುಸ್ತಾಗಿದ್ದ ಮೇಂಟೇನರ್ ಮೇಲೆ. ಪ್ಯಾಚ್ ತಿರಸ್ಕರಿಸಿದಾಗ ಏನು ಮಾಡ್ತಾಳೆ? ಕಾರಣ ಕೇಳ್ತಾಳೆ, ತಿದ್ದಿ ಕಳಿಸ್ತಾಳೆ. ತಪ್ಪು ಮಾಡಿದ್ದಾಳಾ? "ಒಂದ್ಸಲ ಅವಳ ಪ್ಯಾಚ್‌ನಿಂದ ಹಳೆಯ ಬಳಕೆದಾರರಿಗೆ ತೊಂದ್ರೆ ಆಯ್ತು. ನಾನು ನೋಡೋಕೆ ಮುಂಚೆ ತಾನೇ ಅದನ್ನ ವಾಪಸ್ ತೆಗೆಯೋ ರಿವರ್ಟ್ ಕಳಿಸಿ, ಯಾಕೆ ತಪ್ಪಿದೆ ಅಂತ ಉದ್ದಕ್ಕೆ ಬರೆದಿದ್ಲು." ನನಗೆ ಇದೊಂದು ಸಾಕಾಯಿತು. ಪ್ಯಾಚ್ ಎಷ್ಟು ಅನ್ನುವ ಲೆಕ್ಕದಲ್ಲಿ ನನಗೆ ನಂಬಿಕೆ ಇಲ್ಲ. ಎಣಿಕೆಗೆ ಬೆಲೆ ಕೊಟ್ಟರೆ ಜನ ಎಣಿಕೆಯನ್ನೇ ಬೆಳೆಸುತ್ತಾರೆ. ಪ್ಯಾಚ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ಪದವೊಂದನ್ನು ಅತ್ತಿತ್ತ ಮಾಡಿ ಕಳಿಸಿದ ಪುಲ್ ರಿಕ್ವೆಸ್ಟ್‌ಗಳ (ಪ್ಯಾಚ್ ಸೇರಿಸಿ ಎಂಬ ಕೋರಿಕೆಗಳ) ರಾಶಿ ನೆನಪಿದೆಯಲ್ಲಾ. ತನ್ನ ತಪ್ಪನ್ನು ತಾನೇ ಎತ್ತಿ ತೋರಿಸುವವರು, ಬೇರೆಯವರ ಪ್ಯಾಚ್ ಓದಿ ಮರ್ಯಾದೆಯಿಂದ ಉತ್ತರ ಬರೆಯುವವರು, "ಈ ಭಾಗ ನನಗೆ ಗೊತ್ತಿಲ್ಲ" ಅನ್ನುವವರು, ಅಂಥವರು ಸಿಕ್ಕರೆ ತಡ ಮಾಡಬೇಡಿ.

ಕೊಟ್ಟ ಸಲಹೆ ಹೀಗಿತ್ತು. ಸುಸ್ತಾದ ರಾತ್ರಿ ಏನೂ ಕೊಡಬೇಡಿ. ಮೊದಲು ಉಳಿದಿಬ್ಬರಿಗೆ ಖಾಸಗಿಯಾಗಿ ಬರೆದು ಮತ ಕೇಳಿ, ಮೂರು ದಿನ ಬಿಡಿ. ಅಪಾಚೆ ಎಂಬ ದೊಡ್ಡ ಓಪನ್ ಸೋರ್ಸ್ ಸಂಸ್ಥೆಯವರು ಇಂಥ ಮತಕ್ಕೆ ಸಾಮಾನ್ಯವಾಗಿ 72 ಗಂಟೆ ಇಡುತ್ತಾರೆ, ಬೇಡ ಅನ್ನುವವರು ಬಾಯಿ ಬಿಡಲು ಅಷ್ಟಾದರೂ ಬೇಕು. ಆಮೇಲೆ ಆಕೆಗೆ ಬೇಕಾ ಅಂತ ಕೇಳಿ, ಬೇಡ ಅನ್ನುವ ಹಕ್ಕು ಆಕೆಗೂ ಇದೆ. ಮರ್ಜ್ ಮಾಡುವ ಹಕ್ಕು ಕೊಡಿ, ರಿಲೀಸ್, ಅಂದರೆ ಬಳಕೆದಾರರಿಗೆ ಹೊಸ ಆವೃತ್ತಿ, ಹೊರಡಿಸುವ ಕೀಲಿ ಈಗಲೇ ಬೇಡ. ಮರ್ಜ್ ಆದ ಕೋಡ್ ಕೆಟ್ಟರೆ ವಾಪಸ್ ತೆಗೆಯಬಹುದು, ಜನರ ಮೆಷಿನ್ ಸೇರಿದ ರಿಲೀಸ್ ವಾಪಸ್ ಬರುವುದಿಲ್ಲ. ಮತ್ತೆ, ಯಾರ ಪ್ಯಾಚ್ ಆದರೂ ಇನ್ನೊಬ್ಬರು ನೋಡದೆ ಒಳಗೆ ಹೋಗಕೂಡದು ಅಂತ ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲೇ ನಿಯಮ ಹಾಕಿ.

"ನಂದೂನಾ?"

ನಿಮ್ಮದೂ ಅಂದೆ. ಮುಖ ಸಣ್ಣದಾಯಿತು. ಅಷ್ಟು ದಿನದ ನಿದ್ದೆಗೇಡಿಗೆ ಅರ್ಧ ಕಾರಣ ಅಲ್ಲೇ ಇತ್ತು ಅಂತ ನನಗನ್ನಿಸಿತು, ಅವತ್ತು ಹೇಳಲಿಲ್ಲ.

ಇದು ತಾಂತ್ರಿಕ ಸಲಹೆ, ಆಪ್ತಸಲಹೆ ಅಲ್ಲ, ನಾವು ದಾರಿ ಹೇಳಬಾರದು ಅಂತ ಜೊತೆಯವರೊಬ್ಬರು ಬೈದರು. ಇರಬಹುದು. ಆದರೆ ಆ ಹುಡುಗಿ 14 ತಿಂಗಳಿಂದ ಹೌದು ಅನ್ನೋದನ್ನೂ ಕೇಳಿಲ್ಲ, ಇಲ್ಲ ಅನ್ನೋದನ್ನೂ ಕೇಳಿಲ್ಲ. ನನ್ನೆದುರು ಕೂತವರು ಒಬ್ಬರೇ ಆದರೂ ಕಾಯುತ್ತಿದ್ದವರು ಇಬ್ಬರು. ಇನ್ನಷ್ಟು ಯೋಚಿಸಿ ಅಂತ ಕಳಿಸಲು ನನಗಾಗಲಿಲ್ಲ.

ಆಕೆ ನಾಲ್ಕು ದಿನ ಬಿಟ್ಟು ಉತ್ತರಿಸಿದಳಂತೆ. ಒಪ್ಪಿದಳು, ಒಂದು ಷರತ್ತಿನ ಮೇಲೆ: ಇತ್ತೀಚೆಗೆ ನೀವು ನನ್ನ ಪ್ಯಾಚ್ ಓದುತ್ತಿಲ್ಲ ಅಂತ ಗೊತ್ತಾಗುತ್ತಿದೆ, ದಯವಿಟ್ಟು ಓದಿ.

ಹೊಸ ನಿಯಮ ಬಂದ ಮೇಲೆ ಇವರು ಕಳಿಸಿದ ಮೊದಲ ಪ್ಯಾಚ್ ಒಂಬತ್ತು ದಿನದಿಂದ ಆಕೆಯ ರಿವ್ಯೂನಲ್ಲಿ ನಿಂತಿದೆ. ಅದರ ಬಗ್ಗೆ ಮಾತಾಡಬೇಕಂತೆ, ಶನಿವಾರ ಮತ್ತೆ ಬರುತ್ತಿದ್ದಾರೆ.