ಹಸಿರು ಚುಕ್ಕಿ ಬಂದರೂ ಪುಟ ಯಾಕೆ ಮೇಲೆ ಬರುತ್ತಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಆನ್‌-ಪೇಜ್ ಎಸ್‌ಇಒ ಬಗ್ಗೆ. ಗೂಗಲ್‌ನಂಥ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸವೇ ಎಸ್‌ಇಒ. ಆನ್‌-ಪೇಜ್ ಅಂದರೆ ಬೇರೆ ಸೈಟುಗಳಿಂದ ಬರುವ ಲಿಂಕ್‌ಗಳ ಮಾತು ಬಿಟ್ಟು, ನಮ್ಮ ಪುಟದ ಒಳಗೆ ನಾವೇ ಮಾಡಬಹುದಾದ ಕೆಲಸ. ಮೊದಲ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸಿದ್ದೇನೆ. ಉಳಿದ ಎಷ್ಟೋ ಜನರ ತೊಂದರೆಯ ಬೇರು ಅಲ್ಲೇ ಇದೆ.

ಪ್ರಶ್ನೆ: ಸೈಕಲ್ ರಿಪೇರಿ ಬಗ್ಗೆ ವೆಬ್‌ಸೈಟ್ ನಡೆಸುತ್ತೇನೆ. ಎಸ್‌ಇಒ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ನನ್ನ ಎಲ್ಲ ಲೇಖನಗಳಿಗೂ ಹಸಿರು ಚುಕ್ಕಿ ತೋರಿಸುತ್ತದೆ. ಕೀವರ್ಡ್ ಡೆನ್ಸಿಟಿಯೂ (ಗುರಿ ಇಟ್ಟ ಪದ ಲೇಖನದಲ್ಲಿ ಶೇಕಡಾ ಎಷ್ಟು ಸಲ ಬಂದಿದೆ ಅನ್ನುವ ಲೆಕ್ಕ) ಸರಿ ಇದೆ ಅನ್ನುತ್ತದೆ. ಆದರೂ ‘ಸೈಕಲ್ ಚೈನ್: ಸಂಪೂರ್ಣ ಮಾಹಿತಿ’ ಅನ್ನುವ ಲೇಖನ ಗೂಗಲ್‌ನಲ್ಲಿ ಎಲ್ಲೂ ಕಾಣಿಸುತ್ತಿಲ್ಲ. ಇನ್ನೂ ಏನು ಮಾಡಬೇಕು?

ಉತ್ತರ: ಆ ಹಸಿರು ಚುಕ್ಕಿ ಪ್ಲಗಿನ್ ಕೊಟ್ಟ ಅಂಕ. ಗೂಗಲ್ ಅದನ್ನು ನೋಡುವುದೇ ಇಲ್ಲ. ನೀವು ಆರಿಸಿದ ಪದ ಟೈಟಲ್‌ನಲ್ಲಿ ಇದೆಯಾ, ಮೊದಲ ಪ್ಯಾರಾದಲ್ಲಿ ಇದೆಯಾ, ಉಪಶೀರ್ಷಿಕೆಯಲ್ಲಿ ಇದೆಯಾ ಅಂತ ಪ್ಲಗಿನ್ ಎಣಿಸುತ್ತದೆ. ಹುಡುಕಿಕೊಂಡು ಬಂದವರ ಕೆಲಸ ಆಯಿತಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ಲೇಖನ ಓದಿದೆ. ಮೊದಲ ಕೆಲವು ಪ್ಯಾರಾಗಳಲ್ಲಿ ಚೈನ್ ಎಷ್ಟು ಮುಖ್ಯ, ಅದು ಹೇಗೆ ಬಂತು ಅನ್ನುವ ಮಾತಿದೆ. ಚೈನ್ ಯಾಕೆ ಕಳಚುತ್ತದೆ ಅನ್ನುವುದು ಕೊನೆಯಲ್ಲಿ, ಎರಡೇ ಸಾಲಿನಲ್ಲಿ ಮುಗಿದಿದೆ. ಆದರೆ ಜನ ಹುಡುಕುವುದು ಏನು? ‘ಸೈಕಲ್ ಚೈನ್ ಪದೇ ಪದೇ ಕಳಚುತ್ತೆ’ ಅಂತ ಅಲ್ವಾ? ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಗ್ರೀಸ್ ಮೆತ್ತಿರುತ್ತದೆ, ಸೈಕಲ್ ದಾರಿ ಪಕ್ಕದಲ್ಲಿ ನಿಂತಿರುತ್ತದೆ. ಅವರಿಗೆ ಚೈನಿನ ಚರಿತ್ರೆ ಬೇಡ.

ಹಾಗಾಗಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ನೀವು ಗುರಿ ಇಟ್ಟ ಮಾತನ್ನು ನೀವೇ ಗೂಗಲ್‌ನಲ್ಲಿ ಹಾಕಿ ನೋಡಿ. ಮೇಲೆ ಬಂದಿರುವುದು ಏನು? ರಿಪೇರಿ ಹೇಳಿಕೊಡುವ ಲೇಖನಗಳಾ, ವಿಡಿಯೋಗಳಾ, ಚೈನ್ ಮಾರುವ ಅಂಗಡಿಗಳಾ? ಹುಡುಕುವವರ ಉದ್ದೇಶವನ್ನು ಗೂಗಲ್ ಹೇಗೆ ಅರ್ಥ ಮಾಡಿಕೊಂಡಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಬರೀ ‘ಸೈಕಲ್ ಚೈನ್’ ಅಂತ ಹಾಕಿದಾಗ ಅಂಗಡಿಗಳೇ ತುಂಬಿದ್ದರೆ, ಎಷ್ಟೇ ಚೆನ್ನಾಗಿ ಬರೆದ ಲೇಖನಕ್ಕೂ ಅಲ್ಲಿ ಜಾಗ ಸಿಗುವುದು ಕಷ್ಟ.

ಈಗ ಲೇಖನವನ್ನು ಒಂದೇ ತೊಂದರೆಯ ಸುತ್ತ ಕಟ್ಟಿ. ಟೈಟಲ್ ‘ಸೈಕಲ್ ಚೈನ್ ಪದೇ ಪದೇ ಕಳಚುತ್ತಿದೆಯೇ? ಕಾರಣ ಮತ್ತು ರಿಪೇರಿ’ ಅಂತ ಇರಲಿ. ಮೊದಲ ಪ್ಯಾರಾದಲ್ಲೇ ಉತ್ತರ ಬರಲಿ: ಗೇರ್ ಸೈಕಲ್ ಆದರೆ ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನ ಲಿಮಿಟ್ ಸ್ಕ್ರೂ ಸರಿಯಿಲ್ಲದಿರಬಹುದು, ಡಿರೇಲರ್ ಹಿಡಿದಿಡುವ ಹ್ಯಾಂಗರ್ ಬಾಗಿರಬಹುದು, ಚೈನ್ ಅಥವಾ ಹಲ್ಲುಗಳು ಸವೆದಿರಬಹುದು. ಆಮೇಲೆ ಒಂದೊಂದು ಕಾರಣಕ್ಕೂ ಒಂದು ಉಪಶೀರ್ಷಿಕೆ ಕೊಡಿ. ಅದನ್ನು ಪತ್ತೆ ಮಾಡುವುದು ಹೇಗೆ, ಸರಿ ಮಾಡುವುದು ಹೇಗೆ ಅಂತ ಬರೆಯಿರಿ. ನೀವೇ ತೆಗೆದ ಫೋಟೋ ಹಾಕಿ. ಅದರ ಆಲ್ಟ್ ಪಠ್ಯದಲ್ಲಿ (ಚಿತ್ರದ ಬದಲಿಗೆ ಕೊಡುವ ವಿವರಣೆ) ‘ಬಾಗಿದ ಡಿರೇಲರ್ ಹ್ಯಾಂಗರ್, ಹಿಂದಿನಿಂದ ಕಂಡಂತೆ’ ಅಂತ, ಚಿತ್ರದಲ್ಲಿ ಇರುವುದನ್ನೇ ಹೇಳಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದು ಅದನ್ನೇ. ಅಲ್ಲಿ ಕೀವರ್ಡ್ ತುರುಕಿದರೆ ಅವರಿಗೆ ಬರೀ ಕಿರಿಕಿರಿ.

ಡೆನ್ಸಿಟಿಯ ಲೆಕ್ಕ ಬಿಟ್ಟುಬಿಡಿ. ಇಷ್ಟು ಶೇಕಡಾ ಇದ್ದರೆ ಮೇಲೆ ಬರುತ್ತದೆ ಅನ್ನುವ ಸಂಖ್ಯೆ ಯಾವುದೂ ಇಲ್ಲ. ಒಂದೇ ಪದವನ್ನು ಬೇಕಂತಲೇ ತುಂಬುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಸೇರಿಸಿದೆ. ಪುಟದ ಕೋಡ್‌ನಲ್ಲಿ ಕೀವರ್ಡ್ ಪಟ್ಟಿ ಕೊಡುವ ಮೆಟಾ ಕೀವರ್ಡ್ಸ್ ಟ್ಯಾಗ್ ಅಂತೂ ಸುಮ್ನೆ ಶ್ರಮ. ಅದನ್ನು ವೆಬ್ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತ್ತು.

ಇಷ್ಟೆಲ್ಲ ಮಾಡುವ ಮೊದಲು ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆರೆದು, ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಆ ಪುಟದ ವಿಳಾಸ ಹಾಕಿ ನೋಡಿ. ಪುಟ ಇಂಡೆಕ್ಸ್ ಆಗಿಲ್ಲದಿದ್ದರೆ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿಲ್ಲದಿದ್ದರೆ, ಮಿಕ್ಕ ಮಾತೆಲ್ಲ ಆಮೇಲೆ. ಆಗಿದ್ದರೆ ಪರ್ಫಾರ್ಮೆನ್ಸ್ ವರದಿಗೆ ಹೋಗಿ. ಜನ ಯಾವ ಮಾತು ಹುಡುಕಿದಾಗ ನಿಮ್ಮ ಸೈಟ್ ಕಾಣಿಸಿಕೊಂಡಿದೆ ಅಂತ ಅಲ್ಲಿ ಇರುತ್ತದೆ, 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಒಂದೇ ಹುಡುಕಾಟಕ್ಕೆ ನಿಮ್ಮದೇ ಎರಡು ಮೂರು ಪುಟಗಳು ಬದಲಾಗಿ ಬದಲಾಗಿ ಬರುತ್ತಿವೆಯಾ ಗಮನಿಸಿ. ಅವೆಲ್ಲ ಒಂದೇ ವಿಷಯ ಹೇಳುತ್ತಿದ್ದರೆ, ಚೆನ್ನಾಗಿರುವ ಒಂದಕ್ಕೆ ಉಳಿದವುಗಳ ಒಳ್ಳೆಯ ಭಾಗ ಸೇರಿಸಿ. ಹಳೆಯ ವಿಳಾಸಗಳಿಗೆ ಬಂದವರನ್ನು ಆ ಒಂದು ಪುಟಕ್ಕೇ ಶಾಶ್ವತವಾಗಿ ಕಳಿಸುವ 301 ರೀಡೈರೆಕ್ಟ್ ಕೊಡಿ. ಅರೆಬರೆ ಲೇಖನ ಮೂರು ಇಡುವುದಕ್ಕಿಂತ ತುಂಬಿದ ಲೇಖನ ಒಂದು ಇರುವುದೇ ಲೇಸು.

ಪ್ರಶ್ನೆ: ಟೈಟಲ್ 60 ಅಕ್ಷರ, ಡಿಸ್ಕ್ರಿಪ್ಷನ್ (ಫಲಿತಾಂಶದಲ್ಲಿ ಟೈಟಲ್ ಕೆಳಗೆ ಬರಲಿ ಅಂತ ಕೊಡುವ ವಿವರಣೆ) 160 ಅಕ್ಷರ ದಾಟದಂತೆ ಬರೆಯುತ್ತೇನೆ. ಆದರೂ ಗೂಗಲ್ ಬೇರೆ ಏನೋ ತೋರಿಸುತ್ತದೆ. ನನ್ನ ತಪ್ಪೇನು?

ಉತ್ತರ: ತಪ್ಪು ಅನ್ನಲಾರೆ. ಗೂಗಲ್ ಇಂಥ ಅಕ್ಷರ ಮಿತಿಯನ್ನೇ ಇಟ್ಟಿಲ್ಲ. ಸ್ಕ್ರೀನಿನ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ, ಅಷ್ಟೆ. ಮುಖ್ಯ ಮಾತು ಮೊದಲು ಬಂದಿದ್ದರೆ ಕೊನೆ ಕತ್ತರಿಸಿದರೂ ನಷ್ಟವಿಲ್ಲ.

ಫಲಿತಾಂಶದಲ್ಲಿ ತೋರಿಸುವ ಶೀರ್ಷಿಕೆಗೆ ಗೂಗಲ್ ಟೈಟಲ್ ಟ್ಯಾಗ್ ಒಂದನ್ನೇ ನಂಬಿಕೊಂಡಿಲ್ಲ. ಪುಟದ ದೊಡ್ಡ ತಲೆಬರಹ, ಆ ಪುಟಕ್ಕೆ ಬರುವ ಲಿಂಕ್‌ಗಳ ಪಠ್ಯ ಇವನ್ನೂ ನೋಡುತ್ತದೆ. ಎಲ್ಲ ಪುಟಗಳಿಗೂ ಹೆಚ್ಚುಕಡಿಮೆ ಒಂದೇ ಟೈಟಲ್ ಇದ್ದಾಗ, ಪದಗಳನ್ನು ಗೀಟು ಹಾಕಿ ಪೋಣಿಸಿದಾಗ, ಟೈಟಲ್ ಒಂದು ಹೇಳಿ ಪುಟ ಇನ್ನೊಂದು ಹೇಳಿದಾಗ ಬದಲಿಸುವುದು ಜಾಸ್ತಿ. ಟೈಟಲ್‌ನಲ್ಲಿ ಇನ್ನೂ 2021 ಅಂತ ಇದ್ದು, ಪುಟದಲ್ಲಿ ಹೊಸ ವರ್ಷ ಇದ್ದರೂ ಹೀಗೆ ಆಗುತ್ತದೆ. ಟೈಟಲ್ ಮತ್ತು ತಲೆಬರಹ ಅಕ್ಷರಶಃ ಒಂದೇ ಆಗಬೇಕಿಲ್ಲ, ಆದರೆ ಎರಡೂ ಒಂದೇ ವಿಷಯ ಹೇಳಲಿ.

ಡಿಸ್ಕ್ರಿಪ್ಷನ್‌ನಿಂದ ರ‍್ಯಾಂಕ್ ಏರುವುದಿಲ್ಲ. ಆದರೆ ಕ್ಲಿಕ್ ಮಾಡಬೇಕಾ ಬೇಡವಾ ಅಂತ ಜನ ತೀರ್ಮಾನಿಸುವಾಗ ಅದು ಕಣ್ಣೆದುರು ಇರುತ್ತದೆ. ಹುಡುಕಿದ ಮಾತಿಗೆ ಪುಟದ ಒಳಗಿನ ಸಾಲೇ ಚೆನ್ನಾಗಿ ಹೊಂದಿದರೆ ಗೂಗಲ್ ಅದನ್ನೇ ಎತ್ತಿ ತೋರಿಸುತ್ತದೆ. ಅದಕ್ಕೆ ಬೇಸರ ಬೇಡ. ಮುಖ್ಯ ಪುಟಗಳಿಗಾದರೂ ಬೇರೆ ಬೇರೆ ಡಿಸ್ಕ್ರಿಪ್ಷನ್ ಬರೆಯಿರಿ. ಸಾವಿರ ಪುಟಕ್ಕೂ ಒಂದೇ ಸಾಲು ಅಂಟಿಸುವುದಾದರೆ ಖಾಲಿ ಬಿಡುವುದೇ ಮೇಲು.

ಪ್ರಶ್ನೆ: ಪುಟದ ವಿಳಾಸದಲ್ಲಿ ಕನ್ನಡ ಲಿಪಿ ಇರಬಹುದೇ?

ಉತ್ತರ: ಇರಬಹುದು, ಗೂಗಲ್ ಓದಿಕೊಳ್ಳುತ್ತದೆ. ಓದುಗರ ಭಾಷೆಯ ಪದಗಳನ್ನೇ ಬಳಸಿ ಅಂತ ಅದರ ಸಲಹೆಯೂ ಇದೆ. ಒಂದೇ ಅಡಚಣೆ ಅಂದರೆ, ಲಿಂಕ್ ಕಾಪಿ ಮಾಡಿ ಅಂಟಿಸಿದಾಗ ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಶೇಕಡಾ ಗುರುತುಗಳಿರುವ 9 ಅಕ್ಷರಗಳ ಸರಣಿಯಾಗಿ ಬಿಚ್ಚಿಕೊಳ್ಳುತ್ತದೆ. ಒತ್ತು, ಗುಣಿತಗಳನ್ನೂ ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು. ಹಾಗಾಗಿ ಎರಡು ಮೂರು ಪದಕ್ಕೆ ನಿಲ್ಲಿಸಿ. ಈಗಾಗಲೇ ನಡೆಯುತ್ತಿರುವ ಹಳೆಯ ವಿಳಾಸಗಳನ್ನು ಮಾತ್ರ ಚಂದಕ್ಕಾಗಿ ಬದಲಿಸಲು ಹೋಗಬೇಡಿ.

ಪ್ರಶ್ನೆ: ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಅಂಕ 100 ಆಗಲೇಬೇಕಾ? ಎಷ್ಟು ಒದ್ದಾಡಿದರೂ 70 ದಾಟುತ್ತಿಲ್ಲ.

ಉತ್ತರ: ಆಗಬೇಕಿಲ್ಲ. ಆ ಅಂಕ ಒಂದು ಕೃತಕ ಪರೀಕ್ಷೆಯದು. ನಿಜವಾದ ಬಳಕೆದಾರರ ಅನುಭವದ ಅಳತೆ ಅದೇ ವರದಿಯ ಮೇಲ್ಭಾಗದಲ್ಲಿ ಬರುತ್ತದೆ, ಸೈಟಿಗೆ ಸಾಕಷ್ಟು ಜನ ಬರುತ್ತಿದ್ದರೆ. ಅಲ್ಲಿ ಮೂರು ಅಳತೆ ನೋಡಿ. ಪರದೆಯಲ್ಲಿ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಪಠ್ಯ 2.5 ಸೆಕೆಂಡಿನೊಳಗೆ ಬರಬೇಕು, ಇದು ಎಲ್‌ಸಿಪಿ. ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಇದು ಐಎನ್‌ಪಿ. ಮಾರ್ಚ್ 2024ರಲ್ಲಿ ಎಫ್‌ಐಡಿ ಅನ್ನುವ ಹಳೆಯ ಅಳತೆಯ ಜಾಗಕ್ಕೆ ಬಂದದ್ದು ಇದೇ. ಓದುವಾಗ ಪುಟ ಅಲ್ಲಾಡುವ ಅಳತೆ, ಅಂದರೆ ಸಿಎಲ್‌ಎಸ್, 0.1 ದಾಟಬಾರದು. ನೂರರಲ್ಲಿ 75 ಭೇಟಿಗಳಿಗೆ ಹೀಗಿದ್ದರೆ ಪಾಸ್.

ನಾನು ನೋಡುವ ಸೈಟುಗಳಲ್ಲಿ ಹೆಚ್ಚಿನ ತೊಂದರೆ ಮೇಲಿನ ದೊಡ್ಡ ಚಿತ್ರದ್ದೇ. ಫೋನಿನಿಂದ ತೆಗೆದದ್ದನ್ನು ಹಾಗೇ ಹಾಕಿರುತ್ತಾರೆ. ಅದನ್ನು ಚಿಕ್ಕದು ಮಾಡಿ ವೆಬ್‌ಪಿ ರೂಪದಲ್ಲಿ ಹಾಕಿ. ಎಲ್ಲ ಚಿತ್ರಕ್ಕೂ ಅಗಲ, ಎತ್ತರ ಬರೆಯಿರಿ, ಆಗ ಪುಟ ಜಿಗಿಯುವುದು ಕಡಿಮೆಯಾಗುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ಓದುಗರು ಅಲ್ಲಿಗೆ ಬಂದಾಗಷ್ಟೇ ಚಿತ್ರ ತರುವುದು) ಸರಿ, ಮೊದಲು ಕಾಣುವ ಚಿತ್ರಕ್ಕೆ ಬೇಡ. ಅಲ್ಲಿ ಹಾಕಿದರೆ ಎಲ್‌ಸಿಪಿ ಇನ್ನೂ ನಿಧಾನ. ಇಷ್ಟು ಮಾಡಿ ಬರವಣಿಗೆಗೆ ವಾಪಸ್ ಹೋಗಿ. ವೇಗ ಸ್ವಲ್ಪ ಕಡಿಮೆ ಇದ್ದರೂ ಹುಡುಕಾಟಕ್ಕೆ ಸರಿಹೊಂದುವ ಪುಟವನ್ನು ತೋರಿಸಲು ಗೂಗಲ್ ಪ್ರಯತ್ನಿಸುತ್ತದೆ. ಮಿಂಚಿನಂತೆ ತೆರೆದುಕೊಳ್ಳುವ ಟೊಳ್ಳು ಪುಟ ಯಾರಿಗೂ ಬೇಡ.

ಪ್ರಶ್ನೆ: ಕೆಲವು ಪುಟಗಳು ಗೂಗಲ್‌ನಲ್ಲಿ ಬರಬಾರದು ಅಂತ ರೋಬೋಟ್ಸ್ ಫೈಲಿನಲ್ಲಿ (ಸರ್ಚ್ ಎಂಜಿನ್‌ಗಳು ಸೈಟಿನಲ್ಲಿ ಎಲ್ಲಿ ಹೋಗಬಾರದು ಅಂತ ಹೇಳುವ robots.txt) ತಡೆ ಹಾಕಿದೆ. ಪಟ್ಟಿಗೆ ಸೇರಿಸಬೇಡ ಅನ್ನುವ ನೋಇಂಡೆಕ್ಸ್ ಟ್ಯಾಗ್ ಕೂಡ ಹಾಕಿದೆ. ಆದರೂ ಅವು ಕಾಣಿಸುತ್ತಿವೆ!

ಉತ್ತರ: ಎರಡನ್ನೂ ಒಟ್ಟಿಗೆ ಹಾಕಿದ್ದೇ ಕಾರಣ. ರೋಬೋಟ್ಸ್ ಫೈಲಿನ ತಡೆ ಪುಟವನ್ನು ಓದಬೇಡ ಅನ್ನುತ್ತದೆ, ಪಟ್ಟಿಯಲ್ಲಿ ಸೇರಿಸಬೇಡ ಅನ್ನುವುದಿಲ್ಲ. ನೋಇಂಡೆಕ್ಸ್ ಅನ್ನುವ ಮಾತು ಪುಟದ ಒಳಗಿದೆ. ಒಳಗೆ ಹೋಗಲು ಬಿಡದಿದ್ದರೆ ಗೂಗಲ್ ಅದನ್ನು ನೋಡುವುದು ಹೇಗೆ? ಬೇರೆ ಕಡೆಯಿಂದ ಲಿಂಕ್ ಸಿಕ್ಕಿದರೆ ವಿಳಾಸವನ್ನಷ್ಟೇ ಇಂಡೆಕ್ಸ್ ಮಾಡಿಬಿಡುತ್ತದೆ.

ರೋಬೋಟ್ಸ್ ತಡೆ ತೆಗೆಯಿರಿ, ನೋಇಂಡೆಕ್ಸ್ ಇರಲಿ. ಗೂಗಲ್ ಮತ್ತೆ ಬಂದು ಓದಿದ ಮೇಲೆ ಪುಟ ಹೊರಬೀಳುತ್ತದೆ. ಇದಕ್ಕೆ ಸಮಯ ಹಿಡಿಯಬಹುದು. ಅವಸರ ಇದ್ದರೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಬಳಸಿ, ಅದು ಸುಮಾರು ಆರು ತಿಂಗಳು ಮರೆಮಾಡುತ್ತದೆ. ಆ ಪುಟಗಳನ್ನು ಯಾರೂ ನೋಡಲೇಬಾರದು ಅನ್ನುವುದಾದರೆ ಪಾಸ್‌ವರ್ಡ್ ಹಾಕಿ. ರೋಬೋಟ್ಸ್ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ನೀವು ಮುಚ್ಚಿಡಬೇಕು ಅಂದುಕೊಂಡ ವಿಳಾಸಗಳೆಲ್ಲ ಅಲ್ಲೇ ಸಿಗುತ್ತವೆ.