ಗಡಿಕಲ್ಲಿನ ಈಚೆಗೆ ಹುಟ್ಟಿದವರು

"ನಿಮ್ಮ ಜೋಯಿಡಾದಲ್ಲಿ ಗಣಿ ಕೂಲಿಗಳನ್ನು ಬಿಟ್ಟರೆ ಬೇರೆ ಜನ ಇದಾರಾ? ಅವರೂ ಕನ್ನಡದವರೇನಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ ಮಾರಾಯ, ಆಗ ನಾನು ಕಾರವಾರದ ಬಸ್ ಸ್ಟ್ಯಾಂಡಿನಲ್ಲಿದ್ದೆ. ಊರಿನ ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು. ಈಗ ಹೇಳ್ತೇನೆ, ಕೇಳು.

ಜನ ಕಡಿಮೆ, ಅದು ನಿಜ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ನಮ್ಮ ಇಡೀ ಜೋಯಿಡಾ ತಾಲ್ಲೂಕಿಗೆ ಸುಮಾರು 52 ಸಾವಿರ. ಚದರ ಕಿಲೋಮೀಟರಿಗೆ 30 ಜನರೂ ಬೀಳುವುದಿಲ್ಲ. ನಮ್ಮ ಕಡೆಯ ಮ್ಯಾಂಗನೀಸ್ ಗಣಿಗೆ ಬಯಲುಸೀಮೆಯಿಂದ ಬಂದವರು ಕೆಲಸ ನಿಂತ ಮೇಲೆ ಹೊರಟುಹೋದರು. ಗಣಿಗೂ ಮುಂಚೆ ಇದ್ದವರು ಈಗಲೂ ಇದ್ದೇವೆ. ಎಮ್ಮೆ ಸಾಕುವ ಗೌಳಿಗಳು, ಗುಂದದ ಕಡೆ ಅಡಿಕೆ ತೋಟದ ಹವ್ಯಕರು, ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಾದ ಸಿದ್ದಿಗಳು. ಸೂಪಾ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ರಾಮನಗರ ಸೇರಿದವರು. ಮತ್ತೆ ನಾವು, ಕುಣಬಿಗಳು.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆಯಿ ತನ್ನ ಶಿಗ್ಮೋ (ಹೋಳಿ ಹೊತ್ತಿನ ಹಬ್ಬ) ಹಾಡುಗಳನ್ನು ಎರಡು ಗೆರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮಾತು ಕೊಂಕಣಿ, ಅಕ್ಷರ ಕನ್ನಡ. ಅವಳಿಗೆ ಬೇರೆ ಲಿಪಿ ಬರುವುದೇ ಇಲ್ಲ. ಆ ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದವರು ಯಾರೂ ನಮ್ಮನ್ನು "ಕನ್ನಡದವರೇನಾ" ಅಂತ ಕೇಳಲಾರರು.

ನಮ್ಮನ್ನು ಹಣ್ಣು ಮಾಡಿರುವುದು ಭಾಷೆಯಲ್ಲ, ಪರಿಶಿಷ್ಟ ಪಂಗಡದ ಒಂದು ಸರ್ಟಿಫಿಕೇಟು.

ನನ್ನ ಸೋದರತ್ತೆಯನ್ನು ಗೋವಾದ ಸಾಂಗೆ ತಾಲ್ಲೂಕಿಗೆ ಕೊಟ್ಟದ್ದು. ಅವಳ ಗಂಡನ ಮನೆಯವರೂ ಕುಣಬಿಗಳೇ, ಅದೇ ದೇವರು, ಅದೇ ಮಾತು. ಅವಳ ಮಗ ಅಲ್ಲಿ ಕಬ್ಬಿಣದ ಅದಿರಿನ ಲಾರಿ ಓಡಿಸುತ್ತಿದ್ದ. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಗಣಿ ನಿಂತಾಗ ಲಾರಿಯೂ ಅಂಗಳದಲ್ಲಿ ನಿಂತಿತು. ಆದರೆ ಅವನ ಮಗಳ ಓದು ನಿಲ್ಲಲಿಲ್ಲ. ಗೋವಾದಲ್ಲಿ ಕುಣಬಿ, ಗಾವಡಾ, ವೇಳಿಪರು ಪರಿಶಿಷ್ಟ ಪಂಗಡ. ಕೇಂದ್ರ ಸರ್ಕಾರ 2003ರಲ್ಲಿ ಆ ಕಾಯ್ದೆ ಜಾರಿಗೆ ತಂದಾಗ, ಅದೇ ಕಾಯ್ದೆಯಲ್ಲಿ ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸಿತು. ಸಿದ್ದಿಗಳಿಗೆ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಗಡಿಯ ಆಚೆಯ ಕುಣಬಿ ಕಂಡ, ಈಚೆಯ ಸಿದ್ದಿಯೂ ಕಂಡ. ನಡುವೆ ಇದ್ದ ನಾವು ಮಾತ್ರ ಕಾಣಲಿಲ್ಲವಲ್ಲ, ಅದು ನನಗೆ ಇನ್ನೂ ಅರಗುವುದಿಲ್ಲ.

ಮನವಿ ಕೊಟ್ಟಿದ್ದೇವೆ, ಮೆರವಣಿಗೆ ಹೋಗಿದ್ದೇವೆ. ಒಮ್ಮೆ ಒಂದು ಕಚೇರಿಯಲ್ಲಿ, "ನಿಮ್ಮವರು ಬುಡಕಟ್ಟು ಅನ್ನೋದಕ್ಕೆ ಏನು ಸಾಕ್ಷಿ?" ಅಂತ ಕೇಳಿದರು. ಜೊತೆಗೆ ಬಂದಿದ್ದ ಅಪ್ಪ ಚೀಲದಿಂದ ಒಂದು ಮುಡ್ಲಿ ಗೆಡ್ಡೆ ತೆಗೆದು ಮೇಜಿನ ಮೇಲಿಟ್ಟ. ಮೊಳದುದ್ದದ ಗೆಡ್ಡೆ, ಮಣ್ಣು ಇನ್ನೂ ಒಣಗಿರಲಿಲ್ಲ. "ಇದನ್ನು ನಮ್ಮಜ್ಜನ ಅಜ್ಜನೂ ಇದೇ ಕಾಡಂಚಿನಲ್ಲಿ ನೆಟ್ಟು ತಿಂದಿದ್ದಾನೆ" ಅಂದ. ಅವರು ಫೈಲಿಗೆ ಮಣ್ಣಾಗುತ್ತದೆ, ತೆಗೀರಿ ಅಂದರು.

ಈ ವರ್ಷ ಅಣ್ಣನ ಮಗಳ ಪಿಯುಸಿ ಮುಗಿಯಿತು. ಕಾಲೇಜಿನ ಅರ್ಜಿ ತುಂಬುವಾಗ, "ಕಾಕಾ, ಸಾಂಗೆಯ ಅಕ್ಕ ಇಲ್ಲಿ ಎಸ್‌ಟಿ ಅಂತ ಬರೆದಿದ್ದಾಳೆ, ನಾನು ಏನು ಬರೀಲಿ?" ಅಂತ ಕೇಳಿದಳು. ಪೆನ್ನು ಅವಳ ಕೈಯಲ್ಲೇ ಇತ್ತು.