ಓದುಗರ ಪ್ರಶ್ನೆ: ಮೈಲುತುತ್ತ, ಸುಣ್ಣ ಮತ್ತು ಓಪನ್ ಸೋರ್ಸ್

ಪ್ರಶ್ನೆ: ಬೆಂಗಳೂರಿಂದ ಬಂದ ಮಗ ತೋಟದಲ್ಲಿ ಮಣ್ಣಿನ ತೇವ ನೋಡುವ ಸೆನ್ಸರ್ ಕೂರಿಸುತ್ತೇನೆ ಅನ್ನುತ್ತಾನೆ. ಎಲ್ಲ ಓಪನ್ ಸೋರ್ಸ್ ಅಂತೆ, ಜಾಸ್ತಿ ಖರ್ಚಿಲ್ಲವಂತೆ. ಪುಕ್ಕಟೆ ಸಿಗುವುದನ್ನು ನಂಬಬಹುದಾ?
(ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು)

ಉತ್ತರ: ಓಪನ್ ಸೋರ್ಸ್ ಅಂದರೆ ಮಾಡುವ ಕ್ರಮವನ್ನು ಎಲ್ಲರಿಗೂ ತೆರೆದಿಟ್ಟದ್ದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದು. ನೀವು ಪ್ರತಿ ಮಳೆಗಾಲ ಅದನ್ನು ಬಳಸುತ್ತಲೇ ಇದ್ದೀರಿ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು ಇನ್ನೇನು? ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ದ್ರಾಕ್ಷಿ ಬಳ್ಳಿಗೆ ಇಂಥದೇ ನೀಲಿ ಬಣ್ಣ ಎರಚುತ್ತಿದ್ದರು. ಆ ಬಳ್ಳಿಗಳು ಮಾತ್ರ ರೋಗದಿಂದ ಉಳಿದದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಮದ್ದು ಮಾಡುವ ಕ್ರಮವನ್ನು ಅಳತೆ ಸಮೇತ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ ಅದಕ್ಕೂ ಇದೇ ಮದ್ದು ಹೊಡೆಯಿರಿ ಎಂದರು. ಇವತ್ತು ನೀವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕತ್ತಿ ಅದ್ದಿ ನೋಡುತ್ತೀರಿ, ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೀರಿ. ಮದ್ದು ಅಂಟಲಿ ಅಂತ ಕೆಲವರು ರಾಳ ಸೇರಿಸುತ್ತಾರೆ, ಪಕ್ಕದ ಮನೆಯವರಿಗೂ ಹೇಳಿಕೊಡುತ್ತಾರೆ.

ಹಾಗಂತ ಅದು ಪುಕ್ಕಟೆಯಾ? ಮೈಲುತುತ್ತದ ರೇಟು ನಿಮಗೇ ಗೊತ್ತು, ಮರ ಹತ್ತುವವರ ಕೂಲಿ ಇನ್ನೂ ಚೆನ್ನಾಗಿ ಗೊತ್ತು. ಮುಕ್ತ ಬೇರೆ, ಉಚಿತ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ ಫ್ರೀ ಅನ್ನುವ ಒಂದೇ ಪದ ಇರುವುದರಿಂದ ಅವರು ಇದರ ಮೇಲೆ ವರ್ಷಗಟ್ಟಲೆ ಜಗಳವಾಡಿದ್ದಾರೆ, ನಮಗೆ ಆ ತಾಪತ್ರಯ ಇಲ್ಲ.

ಸೆನ್ಸರ್ ಹೇಳಿದ್ದನ್ನು ಓದಲು ಮಗ ತರುವ ಪುಟ್ಟ ಕಂಪ್ಯೂಟರ್ ಬೋರ್ಡು ಬಹುಶಃ ಆರ್ಡುಯಿನೊ ಜಾತಿಯದು. ಇಟಲಿಯ ಇವ್ರೆಯಾ ಊರಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆ ಅಂತ ಮಾಡಿದ್ದು. ಅದರ ನಕ್ಷೆ ಎಲ್ಲರಿಗೂ ತೆರೆದಿದೆ. ಹಾಗಾಗಿ ಬೇರೆ ಬೇರೆಯವರು ಅದೇ ಬೋರ್ಡು ಮಾಡುತ್ತಾರೆ, ಒಬ್ಬರು ಅಂಗಡಿ ಮುಚ್ಚಿದರೆ ಇನ್ನೊಬ್ಬರ ಹತ್ತಿರ ತರಬಹುದು.

ಹೀಗೆ ತೆರೆದಿರುವುದರ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ನಮ್ಮ ಪಂಪಿಗೆ ಆ್ಯಪಿನಿಂದ ನಡೆಯುವ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಮೂರನೇ ಬೇಸಿಗೆಗೆ ಆ್ಯಪ್ ತೆರೆಯಲೇ ಇಲ್ಲ. ಪೆಟ್ಟಿಗೆ ಸರಿ ಇತ್ತು, ಮೋಟಾರು ಸರಿ ಇತ್ತು, ಕಂಪನಿಯವರು ಮಾತ್ರ ಆ ಕೆಲಸ ಬಿಟ್ಟಿದ್ದರು. ಒಳಗೆ ಏನಿದೆ ಅಂತ ಪೇಟೆಯ ರಿಪೇರಿ ಹುಡುಗನಿಗೂ ತಿಳಿಯಲಿಲ್ಲ. ಕೊನೆಗೆ ಹಳೆ ಸ್ಟಾರ್ಟರೇ ಗತಿಯಾಯಿತು.

ಮಗನಿಗೆ ಎರಡು ಮಾತು ಹೇಳಿ. ಎರಡು ಕಡ್ಡಿಯ ಅಗ್ಗದ ಸೆನ್ಸರ್ ನಮ್ಮ ತೋಟದ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಲೋಹ ಹೊರಗೆ ಕಾಣದ ಕೆಪ್ಯಾಸಿಟಿವ್ ಬಗೆಯದನ್ನು ತರಲಿ. ಮತ್ತೆ, ಯಾವ ತಂತಿ ಎಲ್ಲಿಗೆ ಅಂತ ಕಾಗದದ ಮೇಲೆ ಬರೆದು ನಿಮ್ಮ ಕೈಗೆ ಕೊಟ್ಟೇ ಬಸ್ಸು ಹತ್ತಲಿ. ನಕ್ಷೆ ಜಗತ್ತಿಗೆಲ್ಲ ತೆರೆದಿದ್ದು ಮನೆಯವರಿಗೇ ಗೊತ್ತಿಲ್ಲದಿದ್ದರೆ ಏನು ಬಂತು?

ಪ್ರಶ್ನೆ: ಗಂಗಾವಳಿ ಉಕ್ಕಿದಾಗ ದೋಣಿ ತಂದವರಿಗೆ ನಮ್ಮ ಕೇರಿಯ ದಾರಿ ಸಿಗಲಿಲ್ಲ. ಮೊಬೈಲ್ ಮ್ಯಾಪಿನಲ್ಲಿ ಬರೀ ಹಸಿರು ಕಾಣುತ್ತದೆ. ನಾವೇ ಸೇರಿಸಬಹುದಾ?
(ಅಂಕೋಲಾ ತಾಲ್ಲೂಕಿನ ಓದುಗರು)

ಉತ್ತರ: ಖಂಡಿತ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ಇರುವುದೇ ಇದಕ್ಕೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಎಲ್ಲೆಲ್ಲೋ ಕೂತ ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡಿ ಪೋರ್ಟ್ ಓ ಪ್ರಿನ್ಸ್ ನಗರದ ಬೀದಿಗಳನ್ನು ಕೆಲವೇ ದಿನಗಳಲ್ಲಿ ಗೆರೆ ಎಳೆದು ತುಂಬಿದರು, ರಕ್ಷಣೆಗೆ ಹೋದವರು ಅದನ್ನೇ ಹಿಡಿದು ನಡೆದರು.

ನಿಮ್ಮಲ್ಲಿ ಒಂದು ತೊಡಕಿದೆ. ತೆಂಗಿನ ಮರದ ಅಡಿಯ ಕಾಲುದಾರಿ ಆಕಾಶದಿಂದ ಕಾಣುವುದಿಲ್ಲ. ನಡೆದೇ ದಾಖಲಿಸಬೇಕು. ಓಸ್ಮ್‌ಆ್ಯಂಡ್ ಎಂಬ, ಇದೇ ಮ್ಯಾಪ್ ತೋರಿಸುವ ಆ್ಯಪ್ ಹಾಕಿಕೊಂಡು ಜಿಪಿಎಸ್ ಜಾಡು ರೆಕಾರ್ಡ್ ಮಾಡುತ್ತಾ ಒಂದು ಸುತ್ತು ಹೊಡೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಆ ಜಾಡಿನ ಮೇಲೆ ಗೆರೆ ಎಳೆಯಿರಿ. ತಾರಿ (ದೋಣಿಯಲ್ಲಿ ಹೊಳೆ ದಾಟುವ ಜಾಗ) ಎಲ್ಲಿ, ಶಾಲೆ ಎಲ್ಲಿ, ಕಾಲುಸಂಕ ಎಲ್ಲಿ, ಎಲ್ಲ ಹಾಕಿ. ಹೆಸರನ್ನು ನಿಮ್ಮ ಕೇರಿಯವರು ಕರೆಯುವ ಹಾಗೆ ಕನ್ನಡದಲ್ಲೇ ಬರೆಯಿರಿ. ಬೇರೆ ಕಂಪನಿಯ ಮ್ಯಾಪ್ ನೋಡಿ ನಕಲು ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಹೋದರೂ ಅದು ತೆರೆಯುತ್ತದೆ. 2019ರ ಆಗಸ್ಟಿನ ನೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ‘ಮುಕ್ತ ತಂತ್ರಜ್ಞಾನ ಮತ್ತು ಸುಸ್ಥಿರ ಅಭಿವೃದ್ಧಿ’ ಸೆಮಿನಾರ್ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?
(ವಿದ್ಯಾರ್ಥಿನಿ, ಕಾರವಾರ)

ಉತ್ತರ: 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಿಂದ ಮಾತ್ರ ಬೇಡಮ್ಮ, ಎಲ್ಲರೂ ಅದನ್ನೇ ಮಾಡುತ್ತಾರೆ. ಡಿಎಚ್‌ಐಎಸ್2 ಹಿಡಿದುಕೋ. ಆಸ್ಪತ್ರೆಗಳ ಆರೋಗ್ಯ ಮಾಹಿತಿಯ ಲೆಕ್ಕ ಇಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಮೂಲ ದಕ್ಷಿಣ ಆಫ್ರಿಕಾ, ಈಗ ಓಸ್ಲೋ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. 2020ರ ಆರಂಭದಲ್ಲಿ ಕೋವಿಡ್ ಬಂದಾಗ ಶ್ರೀಲಂಕಾದವರು ಯಾರಿಗೂ ಕಾಯದೆ ಅದರಲ್ಲೇ ಹೊರದೇಶದಿಂದ ಬಂದವರ ಜಾಡು ಹಿಡಿಯುವ ಭಾಗ ಮಾಡಿಕೊಂಡರು, ಅದನ್ನೇ ಬೇರೆ ದೇಶಗಳೂ ತೆಗೆದುಕೊಂಡವು. ಸಣ್ಣ ದೇಶ ಮಾಡಿದ್ದು ದೊಡ್ಡವರಿಗೆ ಬಂತು, ಅಲ್ವಾ? ಅಷ್ಟನ್ನೇ ಬಿಡಿಸಿ ಹೇಳಿದರೆ ಹತ್ತು ನಿಮಿಷ ಸಾಲುವುದಿಲ್ಲ.

ಪ್ರಶ್ನೆ: ಎಲ್ಲ ಬಿಚ್ಚಿಟ್ಟರೆ ಹೊರಗಿನವರು ಹೊಡೆದುಕೊಂಡು ಹೋಗುವುದಿಲ್ಲವಾ? ನಮ್ಮ ಅಜ್ಜಿಯ ಔಷಧಿ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ತಳಿ ಎಲ್ಲ ಹಾಗೇ ಹೋಗಬೇಕಾ?
(ಗೃಹಿಣಿ, ಸಿದ್ದಾಪುರ)

ಉತ್ತರ: ಒಳ್ಳೆ ಪ್ರಶ್ನೆ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಕೊಟ್ಟುಬಿಟ್ಟಿದ್ದರು! ನಮ್ಮ ಸಿಎಸ್‌ಐಆರ್ (ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ) ಹಳೆಯ ಬರಹಗಳನ್ನು ಮುಂದಿಟ್ಟು, ಇದು ಹೊಸತಲ್ಲ ಅಂತ ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆಲ್ಲಿಸಿದ್ದು ಬರೆದಿಟ್ಟ ದಾಖಲೆ. ಅಜ್ಜಿಯ ಬಾಯಲ್ಲಷ್ಟೇ ಇದ್ದಿದ್ದರೆ ತೋರಿಸುವುದೇನನ್ನು?

ಸಾಫ್ಟ್‌ವೇರಿನವರು ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡರು. 1989ರಲ್ಲಿ ಬಂದ ಜಿಪಿಎಲ್ ಪರವಾನಗಿಯ ಷರತ್ತು ಇಷ್ಟೇ: ತಗೋ, ತಿದ್ದು, ಬೇಕಾದರೆ ಮಾರು, ಆದರೆ ಕೊಂಡವನಿಗೂ ಒಳಗಿನ ಬರಹ (ಸೋರ್ಸ್ ಕೋಡ್) ಕೊಡಬೇಕು, ಮುಚ್ಚಿಡುವ ಹಾಗಿಲ್ಲ.

ಗಿಡಮರಕ್ಕೆ ಈ ಷರತ್ತು ನೇರವಾಗಿ ಕೂರುವುದಿಲ್ಲ. ಬರೆದಿಟ್ಟರೆ ಪೇಟೆಂಟ್ ತಡೆಯಬಹುದು, ಬಾಟಲಿಗೆ ತುಂಬಿ ಮಾರುವುದನ್ನು ತಡೆಯಲಾಗದು. ಅದಕ್ಕೇ 2002ರ ಜೀವವೈವಿಧ್ಯ ಕಾಯ್ದೆಯ ಅಡಿ ಪಂಚಾಯತಿಗೊಂದು ಸಮಿತಿ, ಊರಿನ ಗಿಡ, ತಳಿ, ತಿಳಿವಳಿಕೆಯನ್ನು ಜನರೇ ಬರೆಸುವ ಒಂದು ದಾಖಲೆ ಅಂತ ಇಟ್ಟಿದ್ದಾರೆ. ನಿಮ್ಮ ಪಂಚಾಯತಿಯಲ್ಲಿ ಆ ಪುಸ್ತಕ ಎಲ್ಲಿದೆ ಅಂತ ಹೋಗಿ ಕೇಳಿ. ಮಿಡಿಯ ಸೊನೆ ಹೇಗೆ, ಪರಿಮಳ ಹೇಗೆ, ಉಪ್ಪಿನಲ್ಲಿ ಎಷ್ಟು ವರ್ಷ ಬಾಳುತ್ತದೆ, ಎಲ್ಲ ಬರೆಸಿ.

ಮರ ಯಾವ ಹೊಳೆಯ ಯಾವ ತಿರುವಿನಲ್ಲಿದೆ ಎಂಬುದನ್ನು ಮಾತ್ರ ಮೇಲಿನ ಮ್ಯಾಪಿಗೆ ಹಾಕಬೇಡಿ. ಮಿಡಿ ಕೊಯ್ಯಲು ಬಂದವರು ಕೊಂಬೆಯನ್ನೇ ಕಡಿದು ಹೋಗುತ್ತಾರೆ.